ಕಡಲಿನ ಉಪ್ಪೂ ಏರಿಯಲ್ ತಂತಿಯೂ

ಗುಬ್ಬಿಯ ಸೀಮೆ ಕೆರೆಗಳ ಸೀಮೆ. ಗುಬ್ಬಿಗೆ ತನ್ನ ಕೆರೆಯುಂಟು. ಕಡಬಕ್ಕೂ ಕುಣಿಗಲಿಗೂ ಅವುಗಳ ಹಿರಿಯ ಕೆರೆಗಳುಂಟು. ಕಡಲು ಮಾತ್ರ ಘಟ್ಟದಾಚೆಗೆ. ನಿಸ್ತಂತು ಯಂತ್ರವನ್ನು ಹವ್ಯಾಸವಾಗಿ ಕೈಗೊಂಡವರಲ್ಲಿ ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ: ಸಮುದ್ರತೀರದಲ್ಲಿ ನೆಟ್ಟ ಏರಿಯಲ್ ಅಲ್ಪಶಕ್ತಿಯಿಂದಲೇ ದೂರದೇಶಗಳನ್ನು ಮುಟ್ಟುತ್ತದೆಂದು. ಹಾಗಾದರೆ ಕೆರೆಯ ಏರಿಯ ಮೇಲೆ ಕಂಬ ನೆಟ್ಟರೆ ಸಾಲದೆ? ಇದಕ್ಕೆ ಉತ್ತರವನ್ನು ನಾವು ನಿಸ್ತಂತುವಿನ ಚರಿತ್ರೆಯಲ್ಲಿಯೇ ಹುಡುಕೋಣ.

ಈ ವಿದ್ಯೆ ಬೆಳೆದದ್ದೇ ಕಡಲ ದಡದಲ್ಲಿ. 1897ರ ಮೇ ತಿಂಗಳಲ್ಲಿ ಮಾರ್ಕೋನಿಯು ಬ್ರಿಸ್ಟಲ್ ಕಾಲುವೆಯ ಮೇಲೆ ಸಂದೇಶವನ್ನು ದಾಟಿಸಿದನು. 1901ರ ಡಿಸೆಂಬರ್ 12ರಂದು, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವು ಸುಮಾರು 3,500 ಕಿಲೋಮೀಟರು ದೂರದ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿಸಿತೆಂದು ಸಾರಿದನು. ಅದು ನಿಜವಾಗಿ ಕೇಳಿಸಿತೇ ಎಂದು ಸಂದೇಹಿಸುವ ವಿದ್ವಾಂಸರೂ ಇದ್ದಾರೆ. ಆದರೆ ನೆಲಕ್ಕಿಂತ ಕಡಲಿನ ಮೇಲೆ ಅಲೆಗಳು ದೂರ ಸಾಗುವುವೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ದೇಶದಲ್ಲಿಯೂ 1902ರಲ್ಲಿ ಮೊದಲ ನಿಸ್ತಂತು ಸಂಪರ್ಕವು ಏರ್ಪಟ್ಟದ್ದು ಹೂಗ್ಲಿಯ ಮುಖದಲ್ಲಿ, ಸಾಗರದ್ವೀಪಕ್ಕೂ ಸ್ಯಾಂಡ್‌ಹೆಡ್ಸಿಗೂ ನಡುವೆ.

ಇದರ ಕಾರಣವು ನೀರಿನಲ್ಲಿಲ್ಲ, ಉಪ್ಪಿನಲ್ಲಿದೆ. ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಅದರಿಂದಾಗಿ ಆ ನೀರು ಸಾಧಾರಣವಾದ ಮಣ್ಣಿಗಿಂತ ಸುಮಾರು ಸಾವಿರ ಪಾಲು ಚೆನ್ನಾಗಿ ವಿದ್ಯುತ್ತನ್ನು ಒಯ್ಯುತ್ತದೆ. ನೆಟ್ಟಗೆ ನಿಂತ ಏರಿಯಲಿನಿಂದ ಹೊರಟು ನೆಲವನ್ನು ಸವರಿಕೊಂಡು ಹೋಗುವ ಅಲೆಗಳ ಒಂದಂಶವನ್ನು ಮಣ್ಣು ಹೀರಿ ಶಾಖವಾಗಿ ಮಾಡಿಬಿಡುತ್ತದೆ. ಉಪ್ಪುನೀರಾದರೋ ಅವನ್ನು ಬಹುಮಟ್ಟಿಗೆ ಹಾಗೆಯೇ ಮರಳಿಸುತ್ತದೆ. ದಿಗಂತದ ಹತ್ತಿರದಲ್ಲಿ ಹೊರಡುವ ಈ ಅಲೆಗಳೇ ದೂರದೇಶಕ್ಕೆ ಹೋಗತಕ್ಕವು. ಕೆರೆಯ ಸಿಹಿನೀರಿಗೆ ಈ ಗುಣವಿಲ್ಲ. ಅದರ ವಾಹಕತೆಯು ಕಡಲಿನ ನೂರರಲ್ಲೊಂದು ಪಾಲಿನ ಆಸುಪಾಸಿನದು. ಕಡಲಂಚಿನಲ್ಲಿಯೂ ಕಂಬವು ನೀರಿನಿಂದ ಒಂದೆರಡು ತರಂಗದುದ್ದಕ್ಕಿಂತ ಹಿಂದೆ ಸರಿದರೆ ಲಾಭವು ಬೇಗ ಕುಗ್ಗುತ್ತದೆ. ಅಡ್ಡಲಾಗಿ ಕಟ್ಟಿದ ತಂತಿಗೆ ಈ ಲಾಭ ಸ್ವಲ್ಪವೇ. ಅದಕ್ಕೆ ಬೇಕಾದದ್ದು ಎತ್ತರ.

1921ರ ಡಿಸೆಂಬರಿನಲ್ಲಿ ಅಮೆರಿಕದ ಗ್ರೀನಿಚ್ ಎಂಬ ಕಡಲಂಚಿನ ಊರಿನಿಂದ ಹವ್ಯಾಸಿಗಳು ಕಳುಹಿದ ಸಂಕೇತವನ್ನು ಸ್ಕಾಟ್ಲೆಂಡಿನ ತೀರದ ಆರ್ಡ್ರಾಸನ್ನಿನಲ್ಲಿ ಪಾಲ್ ಗಾಡ್ಲಿ ಎಂಬವನು ಕೇಳಿದನು. ಇಲ್ಲಿಯೂ ಎರಡು ತೀರಗಳ ನಡುವಣ ದಾರಿಯು ಸಮುದ್ರವೇ. ಹಾಗೆಂದು ಒಳನಾಡು ಕೈಕಟ್ಟಿ ಕುಳಿತಿರಲಿಲ್ಲ. 1935ರ ಸೆಪ್ಟೆಂಬರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಾದ ವಿಠಲ ವಿಹಾರದಿಂದ ಪ್ರಸಾರವನ್ನು ಆರಂಭಿಸಿದಾಗ, ಅವರಲ್ಲಿದ್ದದ್ದು ಕೇವಲ 30 ವ್ಯಾಟ್ ಶಕ್ತಿಯ ಯಂತ್ರ. ಕಡಲೋ ಬಲು ದೂರ. ಅಮೆರಿಕದ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಎಂಜಿನಿಯರುಗಳು, ಏರಿಯಲಿನ ಬುಡದಿಂದ ಚಕ್ರದ ಅರಗಳಂತೆ 113ರವರೆಗೆ ತಾಮ್ರದ ತಂತಿಗಳನ್ನು ನೆಲದಲ್ಲಿ ಹೂಳಿ ಪರೀಕ್ಷಿಸಿ, 1937ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಂತಿಗಳು ಹೆಚ್ಚಿದಂತೆ ಬುಡದಲ್ಲಿ ಆಗುವ ನಷ್ಟವು ತಗ್ಗುತ್ತದೆಂದು ಅದರಿಂದ ಸ್ಥಿರಪಟ್ಟಿತು.

ಹಿಂದೆ ನಮ್ಮ ಮನೆಗಳಲ್ಲಿ ರೇಡಿಯೋವಿಗೆ ಅರ್ತ್ ಕೊಡುವಾಗ ಗುಂಡಿಯಲ್ಲಿ ಇದ್ದಿಲನ್ನೂ ಉಪ್ಪನ್ನೂ ತುಂಬಿ ನೀರೆರೆಯುವ ಪದ್ಧತಿಯಿತ್ತು. ಅಂಗೈಯಗಲದ ಕಡಲನ್ನು ಹಿತ್ತಿಲಿಗೆ ತಂದಂತೆ ಅದು. ಆದರೆ ಗುಂಡಿಯ ಉಪ್ಪಾಗಲಿ ಹೂಳಿದ ತಂತಿಯಾಗಲಿ ದೂರದ ನೆಲದ ಸ್ವಭಾವವನ್ನು ಬದಲಿಸಲಾರವು. ಆ ಹೆಚ್ಚಳವು ಕಡಲಿಗೇ ಮೀಸಲು.

ಇದು ಬರಿಯ ವಿನೋದದ ವಿಷಯವಲ್ಲ. 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನನ್ನು ಅಪ್ಪಳಿಸಿದಾಗ, ಪೋರ್ಟ್‌ಬ್ಲೇರಿನಲ್ಲಿದ್ದ ಹವ್ಯಾಸಿಗಳು ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ದ್ವೀಪದ ಕರೆಗೆ ಕಡಲಿನ ನೆರವಿರಬಹುದು. ಅದನ್ನು ಕೇಳಿ ಉತ್ತರ ಕೊಡಬೇಕಾದವರಲ್ಲಿ ಒಳನಾಡಿನವರೂ ಇರುತ್ತಾರೆ. ಆದುದರಿಂದ ಒಳನಾಡಿನ ಹವ್ಯಾಸಿಯು ಕಡಲಿಲ್ಲವೆಂದು ಕೊರಗದೆ, ಕಂಬವನ್ನು ಎತ್ತರಿಸಿ ನೆಲದಲ್ಲಿ ತಂತಿ ಹಾಸುವುದು ಲೇಸು. ಮಳೆಯ ನೀರನ್ನು ಏರಿ ಕಟ್ಟಿ ನಿಲ್ಲಿಸಿಕೊಂಡು ಬೆಳೆ ತೆಗೆದ ಸೀಮೆಯವರಿಗೆ ಈ ಮಾತನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.