ದೀಪದ ಕಾರ್ಖಾನೆಯಿಂದ ಟೈಟೇನಿಯಂವರೆಗೆ: ಸೂಕ್ಷ್ಮರಚನೆಯ ಡಚ್ ಅಧ್ಯಾಯ

ಟೈಟೇನಿಯಂ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಲಕ್ಸೆಂಬರ್ಗ್‌ನ ವಿಲಿಯಂ ಕ್ರೋಲ್ ಅವರಿಂದ ಶುರುಮಾಡಿ ಅಮೆರಿಕದ ಯುದ್ಧವಿಮಾನಗಳಿಗೆ ಬಂದು ನಿಲ್ಲುತ್ತಾರೆ. ಈ ಲೋಹವನ್ನು ಟನ್‌ಗಟ್ಟಲೆ ತೆಗೆಯುವ ದಾರಿ ತೋರಿಸಿದವರು ಕ್ರೋಲ್, ನಿಜ. ಆದರೆ ಅದರ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯ ಬೇರು ಹುಡುಕಿದರೆ ನಾವು ತಲುಪುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ, ವಿದ್ಯುದ್ದೀಪ ತಯಾರಿಸುತ್ತಿದ್ದ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯಕ್ಕೆ.

ಅಲ್ಲಿ 1925ರಲ್ಲಿ ಆಂಟನ್ ವಾನ್ ಆರ್ಕೆಲ್ ಮತ್ತು ಯಾನ್ ಡಿ ಬೂರ್ ಹೊಸದೊಂದು ಶುದ್ಧೀಕರಣ ವಿಧಾನ ಪ್ರಕಟಿಸಿದರು. ಗಾಳಿ ತೆಗೆದ ಪಾತ್ರೆಯಲ್ಲಿ ಕಚ್ಚಾ ಲೋಹದ ಜೊತೆ ಅಯೋಡಿನ್ ಇಟ್ಟು ಬಿಸಿಮಾಡಿದರೆ ಅಯೋಡೈಡ್ ಆವಿ ಏಳುತ್ತದೆ. ಕೆಂಡದಂತೆ ಕಾದ ತೆಳು ತಂತಿಯನ್ನು ಮುಟ್ಟಿದಾಗ ಆ ಆವಿ ಒಡೆದು, ಶುದ್ಧ ಲೋಹ ತಂತಿಯ ಮೇಲೆ ಹರಳುಹರಳಾಗಿ ಕಟ್ಟಿಕೊಂಡು ಕಂಬಿಯಾಗುತ್ತದೆ. ಆಮ್ಲಜನಕ, ಸಾರಜನಕಗಳು ಬೆರೆತಿದ್ದ ಟೈಟೇನಿಯಂ ಪೆಡಸಾಗಿತ್ತು. ಈ ಕಂಬಿ ಬಾಗಿತು.

ಇದೇ ವಿಧಾನದ ಜಿರ್ಕೋನಿಯಂ ಕಂಬಿ ಅದೇ ಪ್ರಯೋಗಾಲಯದ ವಿಲ್ಹೆಲ್ಮ್ ಜಿ. ಬರ್ಗರ್ಸ್ ಅವರ ಕೈಗೆ ಬಂತು. ಜಿರ್ಕೋನಿಯಂ ಟೈಟೇನಿಯಂನ ಸೋದರ ಲೋಹ. ಎರಡೂ ಹೆಚ್ಚು ಶಾಖದಲ್ಲಿ ಘನಾಕಾರದ ಬೀಟಾ ಜೋಡಣೆಯಲ್ಲಿರುತ್ತವೆ, ತಣಿದಾಗ ಷಟ್ಕೋನದ ಆಲ್ಫಾ ಜೋಡಣೆಗೆ ತಿರುಗುತ್ತವೆ. ಶುದ್ಧ ಟೈಟೇನಿಯಂನಲ್ಲಿ ಇದು ಸುಮಾರು 882 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ. ಎಕ್ಸ್-ರೇ ಚಿತ್ರಗಳಿಂದ ಬರ್ಗರ್ಸ್ 1934ರಲ್ಲಿ ತೋರಿಸಿದ್ದು ಇಷ್ಟು: ಹೊಸ ಹರಳು ಮನಬಂದಂತೆ ಹುಟ್ಟುವುದಿಲ್ಲ. ಹಳೆಯ ಹರಳಿನಲ್ಲಿ ಪರಮಾಣುಗಳು ಅತಿ ಒತ್ತಾಗಿರುವ ಸಮತಲವೂ ದಿಕ್ಕೂ ಹೊಸದರ ಅಂಥದೇ ಸಮತಲಕ್ಕೂ ದಿಕ್ಕಿಗೂ ಸಮಾನಾಂತರವಾಗಿ ನಿಲ್ಲುತ್ತವೆ. ಅಂಥ ಆರು ಸಮತಲ, ಒಂದೊಂದರಲ್ಲಿ ಎರಡು ದಿಕ್ಕು. ಹಾಗಾಗಿ ಒಂದು ಬೀಟಾ ಕಣದೊಳಗೆ ಆಲ್ಫಾಕ್ಕೆ ಇರುವುದು ಹನ್ನೆರಡೇ ನಿಲುವು.

ಈ ಹನ್ನೆರಡರ ಲೆಕ್ಕವೇ ಇಂದಿನ ಎಂಜಿನಿಯರನ ಕೈಯಲ್ಲಿರುವ ಸಲಕರಣೆ ಎಂದು ನನಗನ್ನಿಸುತ್ತದೆ. ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಇರುವ ಪ್ರಸಿದ್ಧ ಮಿಶ್ರಲೋಹವನ್ನು ಸುಮಾರು 1000 ಡಿಗ್ರಿಗಿಂತ ಮೇಲೆ ಕಾಯಿಸಿ ನಿಧಾನವಾಗಿ ತಣಿಸಿದರೆ, ಒಂದೇ ನಿಲುವಿನ ಆಲ್ಫಾ ಪದರಗಳು ಅಕ್ಕಪಕ್ಕ ಬೆಳೆದು ದೊಡ್ಡ ಗುಂಪುಗಳಾಗುತ್ತವೆ. ಪದರಗಳ ನಡುವಿನ ತೆಳು ಬೀಟಾ ಅಂಥ ಅಡ್ಡಿಯೇನಲ್ಲ, ಆದ್ದರಿಂದ ಹರಳಿನ ಜಾರುವಿಕೆ ಗುಂಪಿನ ಈ ತುದಿಯಿಂದ ಆ ತುದಿಗೆ ಸಾಗಿಬಿಡುತ್ತದೆ. ಬಲ ಕುಗ್ಗುತ್ತದೆ, ಪದೇ ಪದೇ ಹೊರೆ ಬಿದ್ದಾಗ ಬಿರುಕು ಬೇಗ ಹುಟ್ಟುತ್ತದೆ. ಆದರೆ ಉದ್ದವಾದ ಬಿರುಕು ಈ ದೊಡ್ಡ ಗುಂಪುಗಳನ್ನು ದಾಟುವಾಗ ಅಂಕುಡೊಂಕಾಗಿ ತಿರುಗಬೇಕಾಗುವುದರಿಂದ ಅದರ ಓಟ ನಿಧಾನವಾಗುತ್ತದೆ. ಬೇಗ ತಣಿಸಿದರೆ ಹಲವು ನಿಲುವುಗಳು ಬುಟ್ಟಿಯ ಹೆಣಿಗೆಯಂತೆ ಹೊಂದಿಕೊಂಡು, ಜಾರುವ ದೂರ ಕಡಿಮೆಯಾಗಿ ಲೋಹ ಗಟ್ಟಿಯಾಗುತ್ತದೆ. ಬೆರಕೆ ಒಂದೇ, ತಣಿಸಿದ ವೇಗ ಬೇರೆ.

ಆ ಜಾರುವಿಕೆಯನ್ನು ಅಳೆಯುವ ಬರ್ಗರ್ಸ್ ಸದಿಶ ಬಂದದ್ದು 1939ರಲ್ಲಿ, ವಿಲ್ಹೆಲ್ಮ್ ಅವರ ಅಣ್ಣ ಯಾನ್ ಅವರಿಂದ. ಡೆಲ್ಫ್ಟ್‌ನಲ್ಲಿ ದ್ರವಚಲನೆಯ ಪ್ರಾಧ್ಯಾಪಕರಾಗಿದ್ದ ಅವರು ಹರಳಿನ ದೋಷಗಳತ್ತ ಹೊರಳಿದ್ದು ನಮ್ಮ ಪಠ್ಯಗಳಲ್ಲಿ ದಾಖಲಾಗಬೇಕಾದ ಸಂಗತಿ. ಅಣ್ಣತಮ್ಮಂದಿರನ್ನು ಒಬ್ಬರೇ ಎಂದುಕೊಳ್ಳುವ ವಿದ್ಯಾರ್ಥಿಗಳು ಬಹಳ. ತಮ್ಮನೂ 1940ರಲ್ಲಿ ಡೆಲ್ಫ್ಟ್ ಸೇರಿದರು.

ಇಂದು ಲೇಸರಿನಿಂದ ಪದರಪದರವಾಗಿ ಮುದ್ರಿಸುವ ಟೈಟೇನಿಯಂ ಭಾಗಗಳಲ್ಲಿ ಬೀಟಾ ಕಣಗಳು ಕಂಬಗಳಂತೆ ಬೆಳೆದು, ಕೂಡಲೇ ಆಲ್ಫಾ ಸೂಜಿಗಳಾಗಿ ಒಡೆದುಹೋಗಿರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸೂಜಿಗಳ ನಿಲುವು ಅಳೆದು, 1934ರ ನಿಯಮವನ್ನು ಹಿಂದುಮುಂದಾಗಿ ಬಳಸಿ, ಕಣ್ಮರೆಯಾದ ಬೀಟಾ ಕಣಗಳ ನಕ್ಷೆಯನ್ನು ಸಂಶೋಧಕರು ಮತ್ತೆ ಬರೆಯುತ್ತಾರೆ.