ಕ್ರಿಪ್ಟೋ ಕರೆನ್ಸಿ ವಹಿವಾಟು ದೃಢೀಕರಣಗೊಳ್ಳುವ ವಿಧಾನ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಬ್ಯಾಂಕಿನಲ್ಲಿ ಹಣ ವರ್ಗಾವಣೆಯಾದಾಗ ಒಬ್ಬರ ಖಾತೆಗೆ ಖರ್ಚು ಹಾಗೂ ಮತ್ತೊಬ್ಬರ ಖಾತೆಗೆ ಜಮಾ ಬರೆಯುವ ಹೊಣೆ ಬ್ಯಾಂಕಿನದಾಗಿರುತ್ತದೆ. 2009ರ ಜನವರಿಯಲ್ಲಿ ಆರಂಭಗೊಂಡ ಬಿಟ್‌ಕಾಯಿನ್‌ನಲ್ಲಿ ಅಂತಹ ಹೊಣೆಗಾರ ಸಂಸ್ಥೆ ಇರುವುದಿಲ್ಲ. ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಏಕರೂಪವಾಗಿ ಇರಿಸಲಾಗುವ ಖಾತೆವಹಿಯಲ್ಲಿ ವಹಿವಾಟು ದಾಖಲಾಗುತ್ತದೆ. ಸದರಿ ವಹಿಯನ್ನೇ ಬ್ಲಾಕ್‌ಚೈನ್ ಎನ್ನಲಾಗುತ್ತದೆ.

ದೃಢೀಕರಣದ ಹಂತಗಳು

1. ಸಹಿ: ಕಳುಹಿಸುವವರು ತಮ್ಮ ಖಾಸಗಿ ಕೀಲಿಯಿಂದ ವಹಿವಾಟಿಗೆ ಡಿಜಿಟಲ್ ಸಹಿ ಮಾಡುತ್ತಾರೆ.

2. ಪರಿಶೀಲನೆ: ಜಾಲದ ಗಣಕಯಂತ್ರಗಳು ಸಹಿಯನ್ನೂ, ಕಳುಹಿಸಲಾದ ಮೊತ್ತವು ಈ ಮೊದಲೇ ಖರ್ಚಾಗಿಲ್ಲವೆಂಬುದನ್ನೂ ಪರಿಶೀಲಿಸುತ್ತವೆ. ನಂತರ ವಹಿವಾಟು ಕಾಯುವ ಪಟ್ಟಿಗೆ ಸೇರುತ್ತದೆ. ಈ ಹಂತದಲ್ಲಿ ಅದು ದೃಢಪಟ್ಟಿರುವುದಿಲ್ಲ.

3. ಬ್ಲಾಕ್ ರಚನೆ: 'ಮೈನರ್'ಗಳು ಪಟ್ಟಿಯಿಂದ ವಹಿವಾಟುಗಳನ್ನು ಆಯ್ದು ಒಂದು ಬ್ಲಾಕ್ ಸಿದ್ಧಪಡಿಸುತ್ತಾರೆ. ಹೆಚ್ಚು ಶುಲ್ಕ ನೀಡಿದ ವಹಿವಾಟಿಗೆ ಸಾಮಾನ್ಯವಾಗಿ ಆದ್ಯತೆ ದೊರೆಯುತ್ತದೆ. ಕಠಿಣ ಲೆಕ್ಕವೊಂದಕ್ಕೆ ಮೊದಲು ಉತ್ತರ ಕಂಡುಕೊಂಡವರ ಬ್ಲಾಕ್ ಸರಪಳಿಗೆ ಸೇರುತ್ತದೆ. ಇದಕ್ಕೆ ಸರಾಸರಿ 10 ನಿಮಿಷ ಹಿಡಿಯುವಂತೆ, ಪ್ರತಿ 2016 ಬ್ಲಾಕ್‌ಗಳಿಗೊಮ್ಮೆ ಲೆಕ್ಕದ ಕಾಠಿಣ್ಯವನ್ನು ಹೊಂದಿಸಲಾಗುತ್ತದೆ.

4. ಸರಪಳಿ: ಪ್ರತಿ ಬ್ಲಾಕ್‌ನಲ್ಲಿ ಹಿಂದಿನ ಬ್ಲಾಕ್‌ನ ಗುರುತು ಸಂಖ್ಯೆ ಅಡಕವಾಗಿರುತ್ತದೆ. ಲೆಕ್ಕಪುಸ್ತಕದಲ್ಲಿ ಹಿಂದಿನ ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಹಳೆಯ ಪುಟವನ್ನು ತಿದ್ದಿದರೆ ಮುಂದಿನ ಎಲ್ಲ ಪುಟಗಳ ಲೆಕ್ಕವೂ ತಪ್ಪುತ್ತದೆ.

ಎಷ್ಟು ದೃಢೀಕರಣ ಅಗತ್ಯ?

ವಹಿವಾಟು ಬ್ಲಾಕ್‌ಗೆ ಸೇರಿದಾಗ ಒಂದು ದೃಢೀಕರಣವೆಂದೂ, ಅದರ ಮೇಲೆ ಸೇರುವ ಪ್ರತಿ ಬ್ಲಾಕ್‌ಗೆ ಇನ್ನೊಂದೆಂದೂ ಎಣಿಸಲಾಗುತ್ತದೆ. ದೊಡ್ಡ ಮೊತ್ತಕ್ಕೆ 6 ದೃಢೀಕರಣ, ಅಂದರೆ ಸುಮಾರು ಒಂದು ಗಂಟೆ, ಕಾಯುವುದು ರೂಢಿಯಲ್ಲಿದೆ. ಎಥೀರಿಯಂ ಜಾಲವು 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಕೈಬಿಟ್ಟಿದ್ದು, ಅಲ್ಲಿ 32 ಈಥರ್ ಠೇವಣಿ ಇಟ್ಟವರು ಬ್ಲಾಕ್‌ಗಳನ್ನು ದೃಢೀಕರಿಸುವ ಪದ್ಧತಿ ಜಾರಿಗೆ ಬಂದಿತು.

ಉದಾಹರಣೆ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ನಿವಾಸಿಯೊಬ್ಬರು ರೇಷ್ಮೆಗೂಡು ಮಾರಿದ ಹಣದಿಂದ ಬಿಟ್‌ಕಾಯಿನ್ ಕೊಳ್ಳುತ್ತಾರೆಂದು ಭಾವಿಸೋಣ. ಮಾರುವ ವ್ಯಕ್ತಿಯು ಮೊಬೈಲ್‌ನಲ್ಲಿ 'ಕಳುಹಿಸಲಾಗಿದೆ' ಎಂಬುದನ್ನು ತೋರಿಸಿ ನಗದು ಪಡೆದು ತೆರಳುತ್ತಾನೆ. ವಹಿವಾಟು ಕಾಯುವ ಪಟ್ಟಿಯಲ್ಲಿರುವಾಗಲೇ ಅವನು ಅದೇ ಮೊತ್ತವನ್ನು ಹೆಚ್ಚು ಶುಲ್ಕದೊಂದಿಗೆ ತನ್ನದೇ ಮತ್ತೊಂದು ವಿಳಾಸಕ್ಕೆ ಕಳುಹಿಸಿದಲ್ಲಿ, ಮೊದಲನೆಯದು ರದ್ದಾಗುವ ಸಂಭವವಿದೆ. ಆಗ ಕೊಂಡವರಿಗೆ ಹಣವೂ ಇಲ್ಲ, ಬಿಟ್‌ಕಾಯಿನ್ನೂ ಇಲ್ಲ. ಆದುದರಿಂದ ಪರದೆಯ ಚಿತ್ರವನ್ನು ರಸೀದಿಯೆಂದು ಪರಿಗಣಿಸತಕ್ಕದ್ದಲ್ಲ.

ಕಾನೂನಿನ ಸ್ಥಿತಿ

ಬೆಂಗಳೂರಿನ ವಾಣಿಜ್ಯ ಸಂಕೀರ್ಣವೊಂದರಲ್ಲಿ ಸ್ಥಾಪಿಸಲಾಗಿದ್ದ ಕ್ರಿಪ್ಟೋ ಕರೆನ್ಸಿ ಯಂತ್ರವನ್ನು 2018ರ ಅಕ್ಟೋಬರ್‌ನಲ್ಲಿ ಪೊಲೀಸರು ವಶಪಡಿಸಿಕೊಂಡಿದ್ದರು. ಕ್ರಿಪ್ಟೋ ವ್ಯವಹಾರಸ್ಥರಿಗೆ ಬ್ಯಾಂಕ್ ಸೇವೆ ನಿರ್ಬಂಧಿಸಿದ್ದ ಭಾರತೀಯ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದಾಗ್ಯೂ ಕ್ರಿಪ್ಟೋ ಕರೆನ್ಸಿಯು ಭಾರತದಲ್ಲಿ ಕಾನೂನುಬದ್ಧ ಚಲಾವಣೆಯ ಹಣವಲ್ಲ. ಇದರ ವರ್ಗಾವಣೆಯಿಂದ ಬರುವ ಲಾಭದ ಮೇಲೆ ಶೇ. 30ರ ಆದಾಯ ತೆರಿಗೆಯನ್ನು 2022ರ ಏಪ್ರಿಲ್ 1ರಿಂದ ವಿಧಿಸಲಾಗಿದೆ.

ಸಾರ್ವಜನಿಕರ ಗಮನಕ್ಕೆ

• ಸ್ವೀಕರಿಸುವ ವಿಳಾಸವನ್ನು ಅಕ್ಷರಶಃ ಪರಿಶೀಲಿಸುವುದು. ದೃಢಪಟ್ಟ ವಹಿವಾಟನ್ನು ಹಿಂಪಡೆಯಲು ಯಾವ ಕಚೇರಿಗೂ ಸಾಧ್ಯವಿಲ್ಲ.
• ವಹಿವಾಟು ಸಂಖ್ಯೆಯನ್ನು ಪಡೆದು, ದೃಢೀಕರಣಗಳ ಎಣಿಕೆಯನ್ನು ಬ್ಲಾಕ್‌ಚೈನ್‌ನಲ್ಲಿ ಸ್ವತಃ ನೋಡಿಕೊಳ್ಳುವುದು.
• ಖಾಸಗಿ ಕೀಲಿಯನ್ನು ಯಾರಿಗೂ ತಿಳಿಸಬಾರದು.
• ದೃಢೀಕರಣವು ವಹಿವಾಟು ದಾಖಲಾಗಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಎದುರಿನವರ ಪ್ರಾಮಾಣಿಕತೆಗೆ ಅದು ಖಾತರಿಯಲ್ಲ.
• ವಂಚನೆಯಾದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡುವುದು.

ಈ ಮಾಹಿತಿಯು ತಿಳುವಳಿಕೆಗಾಗಿ ಮಾತ್ರ ಇದ್ದು, ಹೂಡಿಕೆಗೆ ನೀಡಿದ ಸಲಹೆಯೆಂದು ಭಾವಿಸತಕ್ಕದ್ದಲ್ಲ.