ಕಲ್ಲಿದ್ದಲು: ಪದರದ ಪತ್ತೆಯಿಂದ ಗಣಿಯವರೆಗೆ

ಭೂಗರ್ಭದಲ್ಲಿ ಕಲ್ಲಿದ್ದಲಿನ ಪದರ ಪತ್ತೆಯಾದ ಮಾತ್ರಕ್ಕೆ ಅದು ಗಣಿಯಾಗುವುದಿಲ್ಲ. ಪತ್ತೆಗೂ ಮೊದಲ ಟನ್ ಉತ್ಪಾದನೆಗೂ ನಡುವೆ ಶೋಧನೆ, ಅನುಮತಿ, ಭೂಸ್ವಾಧೀನ ಮತ್ತು ಬಂಡವಾಳ ಹೂಡಿಕೆಯ ದೀರ್ಘ ಹಾದಿಯಿದೆ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ; ಆದರೂ ರಾಜ್ಯದ ವಿದ್ಯುತ್ತಿನ ಗಣನೀಯ ಪಾಲು ಅದನ್ನೇ ಅವಲಂಬಿಸಿದೆ.

ಕೊಳ್ಳೇಗಾಲ ಸೀಮೆಯಲ್ಲಿ ಏಕಿಲ್ಲ?

ಭಾರತದ ಕಲ್ಲಿದ್ದಲಿನ ಬಹುಪಾಲು ಗೊಂಡ್ವಾನ ಶಿಲಾಸ್ತರಗಳಲ್ಲಿದೆ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಜೌಗು ಪ್ರದೇಶಗಳಲ್ಲಿ ಹೂತುಹೋದ ಸಸ್ಯರಾಶಿಯೇ ಇದರ ಮೂಲ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನೈಸ್ ಮತ್ತು ಚಾರ್ನೊಕೈಟ್ ಶಿಲೆಗಳಾದರೋ ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಿಂದಿನವು. ಆ ಕಾಲದಲ್ಲಿ ನೆಲದ ಮೇಲೆ ಸಸ್ಯಗಳೇ ಇರಲಿಲ್ಲ. ಈ ಭಾಗದಲ್ಲಿ ದೊರೆಯುವುದು ಕರಿಕಲ್ಲು. ವಿದ್ಯುತ್ತಿಗೂ ಇಲ್ಲಿ ಕಾವೇರಿಯೇ ಆಸರೆಯಾಯಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು.

ಸಿಂಗರೇಣಿ ಮತ್ತು ನೈವೇಲಿ

ದಕ್ಷಿಣದ ಪ್ರಮುಖ ನಿದರ್ಶನ ಇಂದಿನ ತೆಲಂಗಾಣದ ಸಿಂಗರೇಣಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1871ರಲ್ಲಿ ಯೆಲ್ಲಂದು ಬಳಿ ಕಲ್ಲಿದ್ದಲನ್ನು ಗುರುತಿಸಿದರು. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಗಣಿ ಹಕ್ಕು ಪಡೆಯಿತು. ಗಣಿಗಾರಿಕೆ ಆರಂಭವಾದದ್ದು 1889ರಲ್ಲಿ, ಅಂದರೆ ಪತ್ತೆಯಾಗಿ 18 ವರ್ಷಗಳ ನಂತರ.

ತಮಿಳುನಾಡಿನ ನೈವೇಲಿಯಲ್ಲಿ ದೊರೆಯುವುದು ಕಂದು ಕಲ್ಲಿದ್ದಲು, ಅಂದರೆ ಲಿಗ್ನೈಟ್. ಅಲ್ಲಿ ತೊಡಕಾದದ್ದು ಪದರದ ಕೆಳಗೆ ಒತ್ತಡದಲ್ಲಿರುವ ಅಂತರ್ಜಲ. ನೀರನ್ನು ಸತತವಾಗಿ ಪಂಪ್ ಮಾಡಿ ಒತ್ತಡ ತಗ್ಗಿಸದ ಹೊರತು ಗಣಿಯ ತಳ ಉಳಿಯುವಂತಿರಲಿಲ್ಲ. 1956ರಲ್ಲಿ ನಿಗಮ ಸ್ಥಾಪನೆಯಾಗಿ, 1957ರಲ್ಲಿ ಅಗೆತ ಆರಂಭವಾದರೂ ಲಿಗ್ನೈಟ್ ಕಣ್ಣಿಗೆ ಬಿದ್ದದ್ದು 1961ರಲ್ಲಿ.

ಇಂದಿನ ಹಂತಗಳು

ಮೊದಲು ರಂಧ್ರಗಳನ್ನು ಕೊರೆದು ಶಿಲೆಯ ಮಾದರಿ ತೆಗೆದು, ಪದರದ ಆಳ, ದಪ್ಪ, ಬೂದಿಯ ಪ್ರಮಾಣ, ಶಾಖಮೌಲ್ಯಗಳನ್ನು ಅಳೆಯಲಾಗುತ್ತದೆ. ಬಳಿಕ ನಿಕ್ಷೇಪವನ್ನು ಹರಾಜು ಅಥವಾ ಹಂಚಿಕೆಯ ಮೂಲಕ ನೀಡಲಾಗುತ್ತದೆ. ಗಣಿ ಯೋಜನೆ, ಪರಿಸರ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು, ಅರಣ್ಯ ಅನುಮತಿ, ಭೂಸ್ವಾಧೀನ, ಪುನರ್ವಸತಿ ಇವು ಮುಂದಿನ ಘಟ್ಟಗಳು. ಪದರ ಮೇಲ್ಮಟ್ಟದಲ್ಲಿದ್ದರೆ ಮೇಲಿನ ಮಣ್ಣು, ಬಂಡೆಗಳನ್ನು ತೆಗೆದು ತೆರೆದ ಗಣಿ ಮಾಡುತ್ತಾರೆ. ಆಳದಲ್ಲಿದ್ದರೆ ಸುರಂಗ ತೋಡುತ್ತಾರೆ. ಗಣಿಯನ್ನು ಮುಚ್ಚುವ ಯೋಜನೆಯನ್ನೂ ಆರಂಭದಲ್ಲೇ ಸಲ್ಲಿಸಬೇಕು.

ಕರ್ನಾಟಕದ ಅನುಭವ

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಾರಂಜ್ ನಿಕ್ಷೇಪ 2003ರಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಯಿತು. ಖಾಸಗಿ ಸಂಸ್ಥೆಯೊಂದಿಗಿನ ಜಂಟಿ ಉದ್ಯಮ 2008ರಲ್ಲಿ ಉತ್ಪಾದನೆ ಆರಂಭಿಸಿತು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 214 ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿದಾಗ ಬಾರಂಜ್ ಕೂಡ ಕೈತಪ್ಪಿತು. 2015ರ ಹೊಸ ಕಾಯ್ದೆಯಡಿ ಅದು ಮತ್ತೆ ನಿಗಮಕ್ಕೇ ದೊರೆಯಿತು. ಹಂಚಿಕೆಯ ವಿಧಾನ ದೋಷಪೂರಿತವಾದರೆ ನಡೆಯುತ್ತಿರುವ ಗಣಿಯೂ ನಿಲ್ಲಬಹುದೆಂಬುದಕ್ಕೆ ಇದು ಸಾಕ್ಷಿ.

ಅರಣ್ಯದ ಮೇಲಿನ ಹಕ್ಕು

ಭೂಮಿಯ ಕೆಳಗಿನ ಸಂಪತ್ತಿನ ಪ್ರಶ್ನೆ ಭೂಮಿಯ ಮೇಲಿರುವವರ ಪ್ರಶ್ನೆಯೂ ಹೌದು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಮಾನ್ಯತೆ ದೊರೆಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳ ಒಳಗೂ ಅವುಗಳ ಗಡಿಯಿಂದ 1 ಕಿ.ಮೀ. ವರೆಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಕಲ್ಲಿದ್ದಲಿರಲಿ, ಕರಿಕಲ್ಲಿರಲಿ, ನಿಕ್ಷೇಪದ ಬೆಲೆ ಕಟ್ಟುವ ಮುನ್ನ ಅಲ್ಲಿ ಅಗೆಯಲು ಅವಕಾಶವಿದೆಯೇ ಎಂಬುದನ್ನು ನಿರ್ಧರಿಸಬೇಕಾಗುತ್ತದೆ.